ಕಾಲು ತೆಗೀಬ್ಯಾಡ್ರಿ

ಸೋಮವಾರ. ಷಟರ್ ಇನ್ನೂ ಅರ್ಧ ಎತ್ತಿದ್ದೆ.
ಸರ್ವಮಂಗಳಾ ಮೇಡಮ್ ಕಾರು ತಂದು ನಿಲ್ಲಿಸಿ
ಇಳಿಯದೆಯೇ ಅಂದರು:
"ಜಬೀವುಲ್ಲಾ, ಬ್ರೇಕು ಸತ್ತೈತೆ."

ಆನಗೋಡಿನ ಹತ್ತಿರ, ಸರ್ವಿಸ್ ರಸ್ತೆ.
ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿ
ಅಂಚಿಗೆ ಕಲ್ಲು ಜೋಡಿಸಿದ್ದರು.
ಎಮ್ಮೆಗರು ಅಡ್ಡ ಬಂತು.
ಒತ್ತಿದರು. ಪೆಡಲು ಗಡಗಡ ನಡುಗಿತು,
ಬರಿಗಾಲಲ್ಲಿ ಕಪ್ಪೆ ಮೆಟ್ಟಿದ ಹಾಗೆ.
ಹೆದರಿ ಕಾಲು ತೆಗೆದರು.
ಕರು ತನ್ನ ಪುಣ್ಯಕ್ಕೆ ತಾನು ಉಳಿಯಿತು.
ಬಂಪರು ಕಲ್ಲಿಗೆ ಹೋಯಿತು.

ಗಾಲಿ ಬಿಚ್ಚಿದೆ. ಪ್ಯಾಡು ಸರಿ, ಎಣ್ಣೆ ಸರಿ.
ಹಬ್ಬಿನ ಸುತ್ತ ಹಲ್ಲಿನ ಬಳೆ,
ಸಂದಿಯಲ್ಲಿ ಒಂದು ಚಿಟಿಕೆ ಕೆಸರಿಲ್ಲ.
ಎದುರಿಗೆ ಕಿರುಬೆರಳ ತುದಿಯಷ್ಟು ಸೆನ್ಸರು.
ಮುಟ್ಟದೆ ಹಲ್ಲು ಎಣಿಸುವುದು ಅದರ ಕೆಲಸ,
ಮಂಡಕ್ಕಿ ಭಟ್ಟಿಯ ಬಾಗಿಲಲ್ಲಿ
ಚೀಲ ಎಣಿಸುವ ಗುಮಾಸ್ತನ ಹಾಗೆ.
ಗಾಲಿಗೊಬ್ಬ ಗುಮಾಸ್ತ.

"ಬ್ರೇಕು ಸತ್ತಿಲ್ಲ ಮೇಡಮ್.
ಜೀವ ಇದ್ದಿದ್ದಕ್ಕೇ ನಡುಗಿದ್ದು."

ನಾನು ಲಾರಿ ಕಲಿತದ್ದು ಚೌಡಪ್ಪ ಮೇಸ್ತ್ರಿ ಕೈಯಲ್ಲಿ.
ಮಳೆಯಲ್ಲಿ, ಹರಿಹರದ ಇಳಿಜಾರಿನಲ್ಲಿ
ತೊಡೆಗೆ ಸ್ಪ್ಯಾನರಿನಿಂದ ತಟ್ಟುತ್ತಿದ್ದ:
ಒತ್ತು, ಬಿಡು. ಒತ್ತು, ಬಿಡು.
ಕಟ್ಟಿಕೊಂಡ ಗಾಲಿ ಅಂದ್ರೆ ಹೆಣ ಕಣಲೇ.
ಹೆಣಕ್ಕೆ ದಾರಿ ಹೇಳಿದ್ರೆ ಕೇಳ್ತೈತಾ?

ಸೆಕೆಂಡಿಗೆ ಎರಡು ಸಲ, ಕಾಲು ಗಟ್ಟಿಯಿದ್ದರೆ ಮೂರು.
ಅಷ್ಟೇ ಮನುಷ್ಯನ ಯೋಗ್ಯತೆ.
ಬಾನೆಟ್ಟಿನೊಳಗಿನ ಈ ಡಬ್ಬಿ ಹತ್ತು, ಹದಿನೈದು.
ಮೂರು ಗಾಲಿ ಉರುಳುವಾಗ ನಾಲ್ಕನೆಯದು ದಿಢೀರನೆ ತಡವರಿಸಿದರೆ
ಗುಮಾಸ್ತ ಚೀಟಿ ಕಳಿಸುತ್ತಾನೆ.
ಒಂದು ಬಾಗಿಲು ಮುಚ್ಚುತ್ತದೆ, ಒಂದು ತೆರೆಯುತ್ತದೆ,
ಒತ್ತಡ ಇಳಿದು ಗಾಲಿ ಉಸಿರು ಎಳೆಯುತ್ತದೆ.
ಮತ್ತೆ ಹಿಡಿತ. ಮತ್ತೆ ಉಸಿರು.
ಮೋಟರು ಎಣ್ಣೆಯನ್ನು ಹಿಂದಕ್ಕೆ ದೂಡುತ್ತದಲ್ಲ,
ಆ ದೂಡಿಕೆ ನಿಮ್ಮ ಅಂಗಾಲಿಗೆ ಬಂದದ್ದು.

"ಹಂಗಾದ್ರೆ ಬೇಗ ನಿಲ್ಲಬೇಕಿತ್ತಲ್ಲ?"
ಗಣಿತದ ಮೇಡಮ್, ಬಿಡುವವರಲ್ಲ.

ಕಾಳಿನ ಮೇಲೆ, ಜಲ್ಲಿಯ ಮೇಲೆ
ನಾಲ್ಕು ಮಾರು ಹೆಚ್ಚೇ ಹೋದೀತು.
ಕಟ್ಟಿಕೊಂಡ ಗಾಲಿ ಎದುರಿಗೆ ಗುಡ್ಡೆ ಮಾಡಿಕೊಂಡು ಹೂತು ನಿಲ್ಲುತ್ತದೆ,
ಇದು ಹೂಳುವುದಿಲ್ಲ.
ಬೇಗ ನಿಲ್ಲಿಸುತ್ತೇನೆಂದು ಇದು ಮಾತು ಕೊಟ್ಟಿಲ್ಲ.
ತಿರುಗಿಸಿದ ಕಡೆ ತಿರುಗುತ್ತೇನೆ, ಅಷ್ಟೇ ಅಂದದ್ದು.

ಇನ್ನೊಂದಿದೆ, ಸೀಟಿನ ಕೆಳಗೆ, ಸೋಪಿನ ಡಬ್ಬಿಯಷ್ಟು.
ನಿಮ್ಮ ಮನಸ್ಸು ಯಾವ ಕಡೆಗೆ, ಸ್ಟೇರಿಂಗು ಹೇಳುತ್ತದೆ.
ಕಾರಿನ ಮೈ ಯಾವ ಕಡೆಗೆ, ಇದು ಹೇಳುತ್ತದೆ.
ಎರಡಕ್ಕೂ ತಾಳೆಯಾಗದಿದ್ದರೆ
ಯಾರನ್ನೂ ಕೇಳದೆ ಒಂದೇ ಗಾಲಿ ಹಿಡಿಯುತ್ತದೆ:
ಮೂತಿ ಹೊರಗೆ ಓಡಿದರೆ ಒಳಗಡೆಯ ಹಿಂಗಾಲು,
ಬಾಲ ಬೀಸಿದರೆ ಹೊರಗಡೆಯ ಮುಂಗಾಲು.

ಮೇಡಮ್ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು:
"ಕಣದಾಗೆ ನಮ್ಮಪ್ಪ ಮೇಟಿ ಪಕ್ಕದ ಎತ್ತು ಒಂದನ್ನೇ ತಡೀತಿದ್ದ.
ಇಡೀ ಸಾಲು ತಿರುಗ್ತಿತ್ತು."

ಭಾನುವಾರ ಮಾರ್ಕೆಟ್ ಯಾರ್ಡಿನ ಹಿಂದೆ
ಹಾಲಮ್ಮನ ಒಂದೂವರೆ ಚೀಲ ಜೋಳ, ಬಾಡಿಗೆ ನೂರು ರೂಪಾಯಿ.
ಹರವಿದೆ. ಎಮ್ಮೆಗರುವಿನ ಜಾಗಕ್ಕೆ ಬಕೆಟ್ಟು.
ಮೊದಲ ಸಲ ಕಾಲು ತೆಗೆದರು. ಬಕೆಟ್ಟು ಹಾರಿತು.
ಎರಡನೆಯ ಸಲವೂ.
ಮೂರನೆಯ ಸಲ ಪೆಡಲು ನಡುಗಿತು, ಅವರೂ ನಡುಗಿದರು,
ಹಲ್ಲು ಕಚ್ಚಿ ಸ್ಟೇರಿಂಗು ತಿರುಗಿಸಿದರು.
ಕಾರು ಬಕೆಟ್ಟಿನ ಪಕ್ಕ ಬಳುಕಿ ನಿಂತಿತು.

ಹಾಲಮ್ಮ ಪೊರಕೆ ಹಿಡಿದು ಬಂದಳು:
"ಕಾಳೆಲ್ಲ ನುಚ್ಚಾದ್ವಲ್ರೀ, ಇನ್ನ ಐವತ್ತು ಕೊಡ್ರಿ."

ಮುಂದಿನ ಟೈರು ತಡವಿದೆ, ಅಂಗೈಯಷ್ಟು ನುಣುಪು.
ಡಬ್ಬಿ ಎಷ್ಟೇ ಜಾಣನಾಗಲಿ, ನೆಲ ಹಿಡಿಯುವುದು ಇದೊಂದೇ,
ಇದು ಕೈಬಿಟ್ಟರೆ ಯಾವ ಗುಮಾಸ್ತನೂ ಉಳಿಸುವುದಿಲ್ಲ, ಅಂದೆ.
ಎಷ್ಟಾಗುತ್ತದೆ ಅಂದರು. ಹೇಳಿದೆ. ಮುಖ ತಿರುಗಿಸಿದರು.

ವಾಪಸು ನಾನೇ ಓಡಿಸುತ್ತಿದ್ದೆ.
ಹಳೇ ಪಿ.ಬಿ. ರಸ್ತೆಯಲ್ಲಿ ನಾಯಿ ನುಗ್ಗಿತು.
ಇಪ್ಪತ್ತೆರಡು ವರ್ಷದ ಹಳೆಯ ಬಲಗಾಲು
ಒತ್ತಿತು, ಬಿಟ್ಟಿತು. ಒತ್ತಿತು, ಬಿಟ್ಟಿತು.
"ಜಬೀವುಲ್ಲಾ," ಅಂದರು ಪಕ್ಕದಿಂದ, "ಕಾಲು ತೆಗೀಬ್ಯಾಡ್ರಿ."

ನಾಯಿ ಹೋಯಿತು.
ಹಿಂದಿನ ಟೈರಿನ ಸಂದಿಗೆ ಸಿಕ್ಕಿದ ಹಾಲಮ್ಮನ ಕಾಳೊಂದು
ಸುತ್ತಿಗೊಮ್ಮೆ ಟಕ್ ಎನ್ನುತ್ತ
ಗ್ಯಾರೇಜಿನವರೆಗೂ ಬಂತು.