ಗೋಣಿತಾಟಿನ ಕೋಣೆ

ಬ್ಯಾಡಗಿಯ ನಮ್ಮ ಬಾನುಲಿ ಶುರುವಾದದ್ದು ಒಂದು ಸೀನಿನಿಂದ.
ಯಾವ ವರದಿಯಲ್ಲೂ ಇದಿಲ್ಲ.
ವರದಿ ಬರೆದವನು ನಾನೇ, ಹಾಗಾಗಿ ಗೊತ್ತು.

ಮಾರ್ಕೆಟ್ಟಿನ ಹಿಂದೆ ಹಳೆಯ ಗೋದಾಮು,
ಅದರ ಮೂಲೆಗೆ ಹನ್ನೆರಡಡಿ, ಹತ್ತಡಿ, ಒಂದು ಕೋಣೆ.
ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು
ಬೇರೆ ಕಡೆ ಸ್ಪಂಜು ಹಚ್ಚುತ್ತಾರಂತೆ.
ಶಿಡೇನೂರ ಮಾಸ್ತರು ಅದರ ರೇಟು ಓದಿ, ಚಷ್ಮಾ ತೆಗೆದು,
"ಊರಾಗ ಗೋಣಿತಾಟಿಗೆ ಬರ ಬಂದೈತೇನೋ ಮಾಬೂಲಿ?" ಅಂದರು.
ಎರಡು ಪದರು ತಾಟು, ನಡುವೆ ಹಳೇ ಗಾದಿಯ ಹತ್ತಿ.
ಝಾಡಿಸಿದ್ದೆ, ಮೂರು ದಿನ ಬಿಸಿಲಿಗೆ ಹಾಕಿದ್ದೆ.
ಹನ್ನೊಂದು ಹಂಗಾಮಿನ ಮೆಣಸಿನಕಾಯಿ
ನೂಲಿನೊಳಗೆ ಕೂತದ್ದು ಎಲ್ಲಿಗೆ ಹೋದೀತು?

ಬೆಳಗಿನ ಆರೂವರೆ. ಕೆಂಪು ದೀಪ ಹತ್ತಿತು.
"ನಮಸ್ಕಾರ, ಇದು—" ಎಂದಳು ನೀಲಾಂಬಿಕಾ.
ಮುಂದಿನದು ಸೀನು.
ಒಂದೇ. ಒಂಟಿ.
ಗಾಜಿನಾಚೆ ಮಾಸ್ತರು ಎರಡು ಬೆರಳೆತ್ತಿ ನಿಂತರು,
ಇನ್ನೊಂದು ಬರಲಿ, ಜೋಡಿಯಾಗಲಿ,
ಒಂಟಿ ಸೀನು ಒಳ್ಳೆಯದಲ್ಲ.
ಬರಲಿಲ್ಲ. ನಾನು ವಚನ ಹಾಕಿದೆ.

ಮೋಟೆಬೆನ್ನೂರಿನ ತನಕ ಸ್ಪಷ್ಟ,
ಅದರಾಚೆ ಗಾಳಿ ಬಂದ ಹಾಗೆ.
ಕಳೆದ ಎಮ್ಮೆ, ಸಿಕ್ಕ ಛತ್ರಿ, ಬೇಕಾದ ರಕ್ತ,
ಸಂಜೆ ನಾಲ್ಕಕ್ಕೆ ಪೇಟೆಧಾರಣೆ: ಡಬ್ಬಿ ಇಷ್ಟು, ಕಡ್ಡಿ ಇಷ್ಟು.
ತೊಟ್ಟು ಬಿಡಿಸುವ ಶೆಡ್ಡುಗಳಲ್ಲಿ
ಕಂಬಕ್ಕೆ ಕಟ್ಟಿದ ರೇಡಿಯೋ, ಸೆರಗಿನಿಂದ ಮೂಗು ಕಟ್ಟಿದ ಹೆಂಗಸರು.
ನೀಲಾ ಸೀನಿದಾಗೆಲ್ಲ ಕೆಂಪು ರಾಶಿಯ ನಡುವಿನಿಂದ
"ನೂರು ವರ್ಷ ಬಾಳವಾ!"
ಅವಳಿಗೆ ಕೇಳುತ್ತಿರಲಿಲ್ಲ. ನನಗೆ ಕಿಟಕಿಯಿಂದ ಕೇಳುತ್ತಿತ್ತು.

ಆರನೆಯ ವರ್ಷ, ಒಂದು ಗುರುವಾರ,
ಮೊಮ್ಮಗಳ ಹುಟ್ಟುಹಬ್ಬಕ್ಕೆ ಹಾಡು ಕೇಳಲು ಬಂದಳು ಫಕ್ಕೀರವ್ವ.
ನೀಲಾಳ ಗಂಟಲು ಕಟ್ಟಿತ್ತು, ಗಂಟೆ ನಾಲ್ಕಾಗಿತ್ತು.
ಫಕ್ಕೀರವ್ವನಿಗೆ ಅಕ್ಷರ ಬಾರದು.
ನೀಲಾ ಕಿವಿಯಲ್ಲಿ ಉಸುರಿದಳು, ಅವಳು ಊರಿಗೆ ಹೇಳಿದಳು.
ಡಬ್ಬಿ ಆಯಿತು, ಕಡ್ಡಿ ಆಯಿತು, ಚೀಟಿ ಮುಗಿಯಿತು.
ಅವಳು ಮುಗಿಸಲಿಲ್ಲ.
"ತೊಟ್ಟು ಬಿಡಿಸಾಕ ಕಿಲೋಕ್ಕ ಏಳು ರೂಪಾಯಿ.
ಹ್ವಾದ ವರ್ಷಾನೂ ಏಳು. ಅದರ ಹಿಂದಿನ ವರ್ಷಾನೂ."

ಫೇಡರಿನ ಮೇಲೆ ನನ್ನ ಬೆರಳಿತ್ತು. ಎಳೆಯಲಿಲ್ಲ.
ಧೈರ್ಯ ಅಂತಲ್ಲ.
ಆರು ವರ್ಷದಲ್ಲಿ ಅಷ್ಟು ಹದವಾದ ದನಿ ಬಂದಿರಲಿಲ್ಲ,
ಮೀಟರಿನ ಮುಳ್ಳು ಒಮ್ಮೆಯೂ ಕೆಂಪು ಮುಟ್ಟಲಿಲ್ಲ.

ಕಿಟಕಿಯಾಚೆ ಶೆಡ್ಡುಗಳು ಸುಮ್ಮನಾದವು.
ಬೆರಳು ನಿಂತದ್ದು ಕೇಳುತ್ತದೆಯೇ? ಅವತ್ತು ಕೇಳಿತು.

ಎರಡು ಶೆಡ್ಡಿನಲ್ಲಿ ಎಂಟಾಯಿತು.
ನಮ್ಮಲ್ಲಿ ಮೂರು ಜಾಹೀರಾತು ನಿಂತವು,
ನಾಲ್ಕನೆಯವರು ದೀಪಾವಳಿ ಕಳೀಲಿ ಅಂದರು.
ಮುಂದಿನ ಹದಿನೆಂಟು ತಿಂಗಳು ಮಾಸ್ತರ ಪೆನ್ಶನ್ ಮಾತಾಡಿತು.
ಯಾರೂ ಅವಳಿಗೆ ಒಂದು ಮಾತು ಅನ್ನಲಿಲ್ಲ.
ಅವಳೂ ಕೇಳಲಿಲ್ಲ; ಹಾಡು ಮಾತ್ರ ಬಾಕಿ ಉಳಿದಿತ್ತು,
ಮುಂದಿನ ವಾರ ನೆನಪಿಸಿದಳು, ಹಾಕಿದೆವು.

ನವೀಕರಣಕ್ಕೆ ಹೋದ ಪರವಾನಗಿ ತಿರುಗಿ ಬರಲಿಲ್ಲ.
ಮಾಸ್ತರೂ ಅದೇ ಚಳಿಗಾಲ ಹೋದರು.
ಟ್ರಾನ್ಸ್‌ಮಿಟರ್ ಆರಿಸಿದ ಮೇಲೂ ಬಹಳ ಹೊತ್ತು
ಅದರ ಗುಂಯ್ ನನ್ನ ಹಲ್ಲಿನಲ್ಲಿತ್ತು.

ಗೋಣಿತಾಟು ತೂಕಕ್ಕೆ ಹೋಯಿತು,
ಮೊದಲ ಜಾಹೀರಾತು ನಿಲ್ಲಿಸಿದ ಅಡತಿಗೇ.
ಮೊಳೆ ಕೀಳುತ್ತಿದ್ದೆ. ಕೊನೆಯ ತಾಟು ಬಿತ್ತು,
ಕೋಣೆ ತುಂಬ ಕೆಂಪು ಧೂಳು, ನಾನು ಸೀನಿದೆ.
ಬರಿಗೋಡೆ ಅದನ್ನು ಹಿಡಿದು ಹೊರಗೆಸೆಯಿತು.
"ನೂರು ವರ್ಷ!" ಅಂದಿತು ಶೆಡ್ಡಿನಿಂದ ಯಾವುದೋ ದನಿ,
ಯಾರು, ಏನು ಎಂದು ನೋಡದೆಯೇ.

ಮಾಸ್ತರು ಎರಡು ಬೆರಳೆತ್ತಿ ನಿಂತಿದ್ದ ಕಡೆ ನೋಡಿದೆ.

ಮೊಳೆ ಒಟ್ಟು ಇನ್ನೂರಾ ಹತ್ತು.
ನೆಟ್ಟಗಿದ್ದವನ್ನು ಆರಿಸಿ ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟಿದ್ದೇನೆ,
ಸೊಟ್ಟವನ್ನೂ.