ದುಪ್ಪಟಿ

ಏಪ್ರಿಲ್ ಬಂತೆಂದರೆ ಥಾತ್ ಫನೋಮಿನ ಶಾಲೆಯ ಹಾಲಿನಲ್ಲಿ
ಹೆಸರು ಕೂಗುವ ಕೆಲಸ ನನ್ನದು. ಹತ್ತೊಂಬತ್ತು ವರ್ಷವಾಯಿತು.
ಇಪ್ಪತ್ತೊಂದು ತುಂಬಿದವರೆಲ್ಲ ಅಂಗಿ ಬಿಚ್ಚಿ ಕೂರಬೇಕು,
ತೋಳಿನ ಮೇಲೆ ಮಾರ್ಕರ್ ಪೆನ್ನಿನ ನಂಬರು.
ಗಡಿಗೆಗೆ ಕೈ ಹಾಕಿ
ಕರಿಚೀಟಿ ಬಂದರೆ ಮನೆಗೆ, ಕೆಂಪು ಬಂದರೆ ಸೈನ್ಯಕ್ಕೆ.
ಕಿಟಕಿಯಾಚೆ ತಾಯಂದಿರು, ಬಾಯಲ್ಲಿ ತಾಯಿತ ಕಚ್ಚಿಕೊಂಡು.
ಹೋದ ವರ್ಷ ಒಬ್ಬ ದಢೂತಿ ಹುಡುಗ ಕೆಂಪು ಕಂಡು
ಐಸಿನ ಡಬ್ಬಿಯ ಮೇಲೇ ಬಿದ್ದ. ಎಲ್ಲರೂ ನಕ್ಕರು. ನಾನೂ.

ನಲವತ್ತೇಳು. ಶ್ರೀಮಾನ್ ತೀರಯುತ್.
‘ಖಾ’ ಎಂದಿತು ಹಿಂದಿನ ಸಾಲು.
ನಮ್ಮಲ್ಲಿ ಗಂಡಸರು ಖ್ರಪ್ ಅನ್ನಬೇಕು, ಹೆಂಗಸರು ಖಾ.
ಒಂದೇ ಅಕ್ಷರ, ಮಾತಿನ ಬಾಲ.
ಅಷ್ಟಕ್ಕೇ ಇನ್ನೂರು ಕತ್ತು ಹೊರಳಿದವು.
ತಿಳಿನೀಲಿ ಬ್ಲೌಸು, ಬೆವರಿಗೆ ಅಂಟಿದ ಮುಂಗೂದಲು,
ಎದೆಗವುಚಿದ ಪ್ಲಾಸ್ಟಿಕ್ ಫೈಲು.
‘ಸೈನ್ಯಕ್ಕೆ ಅಡುಗೆಯವರೂ ಬೇಕಲ್ಲ’ ಎಂದ ಸಾರ್ಜೆಂಟು.

ಮೂಲೆಯಲ್ಲಿ ಎರಡು ಕುರ್ಚಿ, ನಡುವೆ ಹಗ್ಗ, ಹಗ್ಗದ ಮೇಲೆ
ಹಳದಿ ಬೆಕ್ಕುಗಳ ಅಚ್ಚಿರುವ ದುಪ್ಪಟಿ.
ಡಾಕ್ಟರು ಅದರ ಹಿಂದೆ ಹೋದರು, ಅವಳೂ ಹೋದಳು.
ಕೆಳಗೆ ಚಪ್ಪಲಿ ಮಾತ್ರ ಕಾಣುತ್ತಿತ್ತು, ಉಗುರಿನ ಬಣ್ಣ.

ಆರು ವರ್ಷದ ಹಿಂದೆ ದುಪ್ಪಟಿ ಇರಲಿಲ್ಲ.
ಇದೇ ಮೈಕು, ಇದೇ ನಾನು,
ನಮ್ಮ ಮನೆತನದ ಹೆಸರನ್ನು ನನ್ನ ಬಾಯಲ್ಲೇ ಕೂಗಿದ್ದೆ.
ಮಗು ಎದ್ದು ಬಂತು. ಎದೆಗೆ ಕೈ ಅಡ್ಡ ಹಿಡಿದು ನಿಂತಿತು.
ಮಗು ಅನ್ನುತ್ತಿದ್ದೆ ಆಗೆಲ್ಲ. ಮಗ ಅಲ್ಲ, ಇನ್ನೊಂದೂ ಅಲ್ಲ.
ಮಗು ಅಂದರೆ ಬಂತು, ಹೋಯಿತು;
ಯಾರನ್ನೂ ಒಪ್ಪಬೇಕಿಲ್ಲ.
ನಾನು ಪಟ್ಟಿಯಲ್ಲಿ ಕಾಗುಣಿತ ತಿದ್ದುತ್ತಿದ್ದೆ.
ತಿದ್ದುವಂಥದ್ದು ಏನೂ ಇರಲಿಲ್ಲ.
ರಾತ್ರಿ ಊಟಕ್ಕೆ ಕೂತಾಗ
ಮೀನಿಗೆ ಉಪ್ಪು ಸಾಲದು ಎಂದೆ.
ಮೇ ತಿಂಗಳಿಗೆ ಕೋಣೆ ಖಾಲಿ,
ಹಾಸಿಗೆಯ ಮೇಲೆ ನಾಲ್ಕು ಮಡಿಕೆಯಾಗಿ ಬೆಕ್ಕುಗಳು.

ಕಾಗದದಲ್ಲಿ ‘ಕಾರಣ’ ಎಂಬಲ್ಲಿ ಅರ್ಧ ಗೆರೆ ಜಾಗ.
ಡಾಕ್ಟರು ಸಣ್ಣಕ್ಷರದಲ್ಲಿ ತುರುಕಿದ್ದರು,
ಕೊನೆಯದೊಂದು ಗೆರೆ ದಾಟಿ ಹೊರಗೇ ನಿಂತಿತ್ತು.
ಮೊಹರಿಗೆಂದು ನನ್ನ ಮೇಜಿಗೆ ಬಂದಳು.
ನಿಮ್ಮ ಹೆಸರು, ಎಂದೆ.
ಕೂಗಿದಿರಲ್ಲ, ಎಂದಳು.
ಅದಲ್ಲ.
ತುಸು ತಡೆದು, ಪಿಮ್‌ಲಡಾ, ಎಂದಳು.
ಹೊರಟವಳು ತಿರುಗಿ, ಆ ಬೆಕ್ಕುಗಳು ಸರ್ಕಾರದವಾ, ಎಂದು ನಕ್ಕಳು.
ಅಲ್ಲಮ್ಮ, ನನ್ನ ಮಗಳದ್ದು ಆ ದುಪ್ಪಟಿ.

ಮೈಕು ಆರಿಸಿರಲಿಲ್ಲ.
ಮಗಳದ್ದು, ಎಂದಿತು ಹಾಲಿನ ಕೊನೆಯ ಗೋಡೆ.
ಕಿಟಕಿಯಲ್ಲೊಬ್ಬಾಕೆ ತಾಯಿತವನ್ನು ಬಾಯಿಂದ ತೆಗೆದಳು.
ಸಾರ್ಜೆಂಟು ಏನೋ ಹೇಳಹೋಗಿ ನೀರು ಕುಡಿದ.

ನಲವತ್ತೆಂಟು, ಎಂದೆ.
ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ,
ನಲವತ್ತೆಂಟು.