ಬೆನ್ನ ಹಿಂದಿನ ನೀರು

ಗೋಕಾಕ ಫಾಲ್ಸಿನ ತೂಗುಸೇತುವಿ ಬಾಜೂಕ
ಮೂವತ್ತೊಂದು ವರ್ಷ ಮಂದಿ ಫೋಟೋ ತಗದೀನಿ.
ಹೊಸಾ ಮದಲಗಿತ್ತಿ, ಸಾಲಿ ಹುಡುಗರ ದಂಡು,
ರಜಾ ಮ್ಯಾಲ ಬಂದ ಸಿಪಾಯಿ,
ಎಲ್ಲಾರಿಗೂ ನಂದು ಒಂದಽ ಮಾತು:
"ಸ್ವಲ್ಪ ಎಡಕ್ಕ ಸರೀರಿ, ನೀರು ಕಾಣಲಿ."

ಬ್ಯಾಸಗ್ಯಾಗ ಬಂದವರು
ಒಣಾ ಹಾಸಗಲ್ಲು ನೋಡಿ ನನ್ನ ಮ್ಯಾಲ ಸಿಟ್ಟಾಗೋರು,
ಘಟಪ್ರಭಾನ್ನ ನಾನಽ ಕದ್ದು
ಡಾರ್ಕ್‌ರೂಮಿನ್ಯಾಗ ಇಟ್ಟಂಗ.
ಟೋಪಿ ತಗದು ಕೈಯಾಗ ಹಿಡದು
"ಆಗಸ್ಟಿನ್ಯಾಗ ಬರ್ರಿ" ಅಂತಿದ್ದೆ.

ಆಮ್ಯಾಲ ಎಲ್ಲಾರ ಕೈಯಾಗೂ ಫೋನ್ ಬಂತು,
ತಮ್ಮ ಮಾರಿ ತಾವಽ ಹಿಡಕೊಂಡರು.
ನನ್ನ ಸ್ಟುಡಿಯೋದಾಗ ಈಗ ಮಿರ್ಚಿಭಜಿ ಕರೀತಾರ.
ಅಂಗಡಿ ಮಾರಿದ ರೊಕ್ಕಾ ಎರಡೆರಡು ಸಲ ಎಣಿಸಿ
ಖಾತೂನಬಿ ಕೇಳಿದಳು, "ಏನ್ ಮಾಡಾಂವ ಇದನ್ನ?"
"ಆಫ್ರಿಕಾಕ್ಕ ಹೋಗಿ ಫಾಲ್ಸ್ ನೋಡಿ ಬರ್ತೀನಿ."
ಅಕಿ ಮಾತಾಡಲಿಲ್ಲ, ಖಿಡಕಿ ತಗದಳು.
ಮನಿತುಂಬ ಫಾಲ್ಸಿನ ಸಪ್ಪಳ.

ಬೆಳಗಾವಿ ಟೂರು, ಇಪ್ಪತ್ತೆರಡು ಮಂದಿ,
ಅವಲಕ್ಕಿ, ಶೇಂಗಾಚಟ್ನಿ, ಒಬ್ಬ ಅಡಗಿಯಾಂವ.
ಲಿವಿಂಗ್‌ಸ್ಟೋನ್ ವಿಮಾನ ನಿಲ್ದಾಣದಾಗ
ನನ್ನ ಕರದಂಟಿನ ಡಬ್ಬಿ ತಗಿಸಿದರು.
ಖಾಕಿ ಹಾಕಿದ ಹೆಣಮಗಳು ಮೂಸಿ ನೋಡಿದಳು.
ಅಂಟು, ಕೊಬ್ಬರಿ, ಬಾಣಂತಿ — ಎಲ್ಲಾ ಕೈಲೇ ಹೇಳಿದೆ,
ಹೊಟ್ಟಿ ಮುಟ್ಟಿ, ಕೂಸು ತೂಗಿ.
ಅಕಿ ತನ್ನ ಹೊಟ್ಟಿ ನೋಡಿಕೊಂಡು ನಕ್ಕಳು, ಆರು ತಿಂಗಳು ಇರಬೇಕು.
ಎರಡು ತುಂಡು ಅಲ್ಲೇ ಇಳದ್ವು.

ಚೋಬೆ ಹೊಳಿ ದಂಡ್ಯಾಗ ಸಂಜಿಮುಂದ
ಡ್ರೈವರ್ ಗಾಡಿ ಬಂದ್ ಮಾಡಿದ.
ಗಿಡಗಂಟಿ ಒಂದು ಗಳಿಗಿ ಸುಮ್ಮನಿತ್ತು.
ಆನಿ ಬಂದ್ವು,
ಭೋಂಗಾ ಆಗಿ ನಮ್ಮ ಮಿಲ್ಲಿನ ಗೇಟು ತಗದಂಗ,
ಪಾಳಿ ಮುಗಿಸಿ, ಮೈಯೆಲ್ಲಾ ಧೂಳು, ಮಾತಿಲ್ಲ,
ನೀರಿನ ಕಡೆ ನಡಕೊಂತ.
ನಮ್ಮಪ್ಪ ಹಿಂಗಽ ಬರತಿದ್ದ,
ಹುಬ್ಬಿನ ಮ್ಯಾಲ ಹತ್ತಿ ಕೂತಿರತಿತ್ತು.
ಕಡೀಕ ಒಂದು ಮುದುಕಿ ಆನಿ, ಎಡಗಿವಿ ಹರದದ್ದು,
ನಮ್ಮ ಗಾಡಿ ಮುಂದ ನಿಂತು
ಇಪ್ಪತ್ತೆರಡೂ ಮಂದಿ ಹಾಜರಿ ತಗೊಂಡು ಹೋತು.
ಬಾಲ ನೆಟ್ಟಗ ಮಾಡಿ ಓಡಿದ ಕಾಡಹಂದಿ ಒಂದಽ
ರಾತ್ರಿ ಪಾಳಿಗೆ ತಡಾ ಆದಾಂವ.

ಮೂರನೇ ದಿನ, ಫಾಲ್ಸ್.
ಅದರ ಹೆಸರು ಗುಡುಗೋ ಹೊಗಿ ಅಂತ
ಗೈಡ್ ಮ್ವೀಂಬಾ ಬಸ್ಸಿನ್ಯಾಗಽ ಹೇಳಿದ್ದ.
ರೇನ್‌ಕೋಟಿನ ಗುಂಡಿ ಕುತಗಿತನಕ ಹಾಕ್ಕೊಂಡೆ,
ಕ್ಯಾಮೆರಾಕ್ಕ ಪ್ಲಾಸ್ಟಿಕ್ ಚೀಲಾ ಕಟ್ಟಿದೆ,
ಹೋಗಿ ನಿಂತರ
ಕಲ್ಲು.
ನಿಗಾ ಮುಟ್ಟೋತನಕ ಕರೀಕಲ್ಲು, ಸಂದಿಗೆ ಒಣಾಹುಲ್ಲು,
ದೂರ ಆಚಿ ದೇಶದ ದಂಡಿಗೆ ಒಂದೀಟು ಹೊಗಿ,
ಯಾರೋ ಚಾಕ್ಕ ಒಲಿ ಹಚ್ಚಿಧಂಗ.
ಅಕ್ಟೋಬರಿನ್ಯಾಗ ಈ ಕಡೆ ನೀರು ಇರೂದಿಲ್ಲಂತ.
ಹುದಲಿ ಮಾಸ್ತರು ರೊಕ್ಕದ ಮಾತು ತಗದರು.
ಮ್ವೀಂಬಾ ಟೋಪಿ ತಗದು ಕೈಯಾಗ ಹಿಡದು ಅಂದ,
"ಏಪ್ರಿಲಿನ್ಯಾಗ ಬರ್ರಿ."

ಆ ದನಿ ನನಗ ಗೊತ್ತು.
ಟೋಪಿ ಹಿಡಿಯೂದು ಗೊತ್ತು.
ಹೊಳಿ ಮಾಡಿದ ತಪ್ಪಿಗೆ ಮಾಫಿ ಕೇಳೋ ಕಸಬು.
"ಇರಲಿ ಬಿಡಪಾ," ಕನ್ನಡದಾಗಽ ಅಂದೆ,
"ನಿಮಗ ಏಪ್ರಿಲ್, ನಮಗ ಆಗಸ್ಟ್."
ತಿಳೀತೋ ಏನೋ. ಕ್ಯಾಮೆರಾ ಇಸಕೊಂಡ,
ನನ್ನ ಕಟ್ಟೀಮ್ಯಾಲ ನಿಲ್ಲಿಸಿದ,
ಒಂದು ಕಣ್ಣು ಮುಚ್ಚಿ ಕೈ ಬೀಸಿದ:
ಸ್ವಲ್ಪ ಎಡಕ್ಕ.

ನನಗ ಯಾರೂ ಹಂಗ ಅಂದಿದ್ದಿಲ್ಲ.
ಸರದೆ. ಬೆನ್ನಿಗೆ ಝಳಾ ಹತ್ತಿತು.
ಕಲ್ಲಿನ ತಳದಾಗ ಎಲ್ಲೋ
ಚಟಿಗ್ಯಾಗಿಂದ ಸುರುವಿದಷ್ಟು ಸಪ್ಪಳ.
ನಾ ನಿಲ್ಲಿಸಿದ ಮದಲಗಿತ್ತ್ಯಾರಿಗೆ
ಬೆನ್ನ ಹಿಂದ ಏನು ಕೇಳಿಸಿರಬೇಕು,
ಒಬ್ಬಾಕಿನ್ನೂ ಕೇಳಲಿಲ್ಲ ನಾನು.

ಪ್ರಿಂಟ್ ಬಂದಮ್ಯಾಲ ಖಾತೂನಬಿ
ಚಾಳೀಸು ಏರಿಸಿ, ಇಳಿಸಿ ನೋಡಿದಳು.
"ಇದು ನಮ್ಮದಲ್ಲೇನು, ಮೇ ತಿಂಗಳಿಂದು?
ಇದಕ್ಕ ಅಷ್ಟು ರೊಕ್ಕಾ?"
ಆಮ್ಯಾಲ ಮೂಲಿಗೆ ಬಳ್ಳು ಇಟ್ಟು, "ಇದೇನು ಕರ್ರಗ?"
ಮ್ವೀಂಬಾನ ಹೆಬ್ಬಳ್ಳು. ಕಾಲುಭಾಗ ಆಕಾಶ ನುಂಗಿತ್ತು.
ಅಂಥಾ ಫೋಟೋ ಗಿರಾಕಿಗೆ ಎಂದೂ ಕೊಟ್ಟಾಂವಲ್ಲ ನಾ.
ಕಟ್ಟು ಹಾಕೋ ಹುಡುಗ ಕತ್ತರಿ ತಗೊಂಡ,
ಬ್ಯಾಡ ಅಂದೆ.